ಮೂರು ಮನೆ, ನಾಲ್ಕು ಕಿಲೋ ಅಕ್ಕಿ

ನಮ್ಮ ಮನೆಯಲ್ಲಿ ಊರಿಗೆ ಹೋಗಿಬಂದರೆ ಲೆಕ್ಕ ಬರೆಯುವುದು ಅಪ್ಪ ಹಾಕಿಕೊಟ್ಟ ರೂಢಿ. ಬಸ್ಸಿನ ಟಿಕೆಟ್ಟು, ದಾರಿಯ ಕಾಫಿ, ದೇವರ ತಟ್ಟೆಗೆ ಹಾಕಿದ ಕಾಸು, ಒಂದನ್ನೂ ಬಿಡುತ್ತಿರಲಿಲ್ಲ. 2021ರಲ್ಲಿ ಅವರು ತೀರಿಕೊಂಡ ಮೇಲೆ ಡೈರಿ ನನ್ನ ಕೈಗೆ ಬಂತು. 2025ರ ನವೆಂಬರಿನಲ್ಲಿ ಮೂರು ದಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಸುತ್ತಿಬಂದೆವು. ನಾನು, ನನ್ನ ಯಜಮಾನರು, 68ರ ಅಮ್ಮ, 13ರ ಮಗ, 9ರ ಮಗಳು, ಒಟ್ಟು ಐದು ಜನ. ಹಿರಿಯೂರಿನ ಹತ್ತಿರದ ಹಳ್ಳಿಯಲ್ಲಿ ದೊಡ್ಡಮ್ಮ, ಹೊಸದುರ್ಗ ತಾಲ್ಲೂಕಿನಲ್ಲಿ ಸೋದರಮಾವ, ಹೊಳಲ್ಕೆರೆಯಲ್ಲಿ ಅಕ್ಕ, ಹೀಗೆ ನೋಡಬೇಕಾದ ಮನೆ ಮೂರು. ಚಿತ್ರದುರ್ಗದ ಕೋಟೆ, ಮಾರಿಕಣಿವೆ, ಹೊಳಲ್ಕೆರೆಯ ಬಯಲು ಗಣಪ ದಾರಿಯಲ್ಲೇ ಸಿಗುವಂಥವು. ಹೋಗಿಬಂದ ಮೇಲೆ ಲೆಕ್ಕ ಕೂಡಿಸಲು ಕೂತಾಗ, ಅಪ್ಪನ ಪದ್ಧತಿಯಂತೆ ಕೊಟ್ಟ ದುಡ್ಡನ್ನು ಮಾತ್ರ ಬರೆದರೆ ಈ ಸಲದ್ದು ಪೂರ್ತಿ ಲೆಕ್ಕವಾಗುವುದಿಲ್ಲ ಅನ್ನಿಸಿತು. ಅದಕ್ಕೇ ಈ ಬರಹ.

ಮೊದಲು ದಾರಿ. ಬೆಂಗಳೂರಿನಿಂದ ಹಿರಿಯೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 160 ಕಿಲೋಮೀಟರ್. ಅಲ್ಲಿಂದ ವಾಣಿವಿಲಾಸ ಸಾಗರ 20, ಸಾಗರದಿಂದ ಹೊಸದುರ್ಗ 40ರ ಆಸುಪಾಸು, ಹೊಸದುರ್ಗದಿಂದ ಹೊಳಲ್ಕೆರೆ 34, ಹೊಳಲ್ಕೆರೆಯಿಂದ ಚಿತ್ರದುರ್ಗ ಹೆಚ್ಚುಕಡಿಮೆ ಅಷ್ಟೇ. ದುರ್ಗದಿಂದ ಬೆಂಗಳೂರಿಗೆ 200. ಹಳ್ಳಿಯ ಒಳದಾರಿ, ತೋಟದ ದಾರಿ ಎಲ್ಲ ಸೇರಿ ನಮ್ಮ ಕಾರಿನ ಮೀಟರು ಓಡಿದ್ದು 550. ಲೀಟರಿಗೆ 16 ಕಿಲೋಮೀಟರಿನಂತೆ 34 ಲೀಟರಿಗೆ ಸ್ವಲ್ಪ ಮೇಲೆ ಪೆಟ್ರೋಲು. ಲೀಟರಿಗೆ ಹತ್ತಿರ ಹತ್ತಿರ 103 ರೂಪಾಯಿ, ಒಟ್ಟು 3,540. ಟೋಲಿಗೆ 2025ರಲ್ಲಿ ಮಾಡಿಸಿದ ವಾರ್ಷಿಕ ಪಾಸು ಇತ್ತು. ಆಗ 3,000 ರೂಪಾಯಿಗೆ 200 ಸಲ ಗೇಟು ದಾಟಬಹುದಿತ್ತು, ಅಂದರೆ ಒಂದು ಗೇಟಿಗೆ 15 ರೂಪಾಯಿ. ಅಲ್ಲಿಗೆ ಹೋಗಿಬರುವ ಟೋಲು 120 ರೂಪಾಯಿಯಲ್ಲಿ ಮುಗಿಯಿತು.

ಬಸ್ಸಿಗೆ ಹೋಗಿದ್ದರೆ ಐವರಲ್ಲಿ ಇಬ್ಬರಿಗೆ ಮಾತ್ರ ಟಿಕೆಟ್ಟು. ನನಗೆ, ಅಮ್ಮನಿಗೆ, ಮಗಳಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು. ಅಮ್ಮನ ಮೊಣಕಾಲು ಈ ಸಲ ನಮ್ಮನ್ನು ಕಾರಿಗೆ ಹತ್ತಿಸಿತು. ಆದರೆ ಆ ಶೂನ್ಯ ಟಿಕೆಟ್ಟಿನ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಲೇಬೇಕು. ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಅದರ ಹಿಂದಿನ ವರ್ಷ ಅಮ್ಮ ತನ್ನ ಅಕ್ಕನ ಮನೆಗೆ ಹೋದದ್ದು ಒಂದೇ ಸಲ, ಅದೂ ಒಂದು ಸಾವಿಗೆ. 2024ರಲ್ಲಿ ಐದು ಸಲ. 2025ರಲ್ಲಿ ನವೆಂಬರಿನ ಹೊತ್ತಿಗೆ ಆರು. ಟಿಕೆಟ್ಟುಗಳನ್ನೆಲ್ಲ ಮಡಚಿ ಪರ್ಸಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಾರೆ, ಎಣಿಸಿದ್ದು ನಾನೇ. ಮೊದಲಾದರೆ ದೊಡ್ಡಮ್ಮನಿಗೆ ಜ್ವರ ಅಂತ ಫೋನು ಬಂದರೂ ಹೋಗಲೋ ಬೇಡವೋ ಅಂತ ಎರಡು ದಿನ ಯೋಚಿಸುತ್ತಿದ್ದರು. ಈಗ ಬ್ಯಾಗಿಗೆ ಒಂದು ಸೀರೆ ಹಾಕಿಕೊಂಡು ಬೆಳಗಿನ ಬಸ್ಸು ಹಿಡಿಯುತ್ತಾರೆ. ಸರ್ಕಾರದ ಬೊಕ್ಕಸಕ್ಕೆ ಇದರಿಂದ ಎಷ್ಟು ಹೊರೆ ಎಂಬ ಚರ್ಚೆ ನಡೆಯಲಿ, ನಡೆಯಬೇಕಾದದ್ದೇ. ಆ ಚರ್ಚೆ ಮಾಡುವವರು ಇಬ್ಬರು ಮುದುಕಿಯರು ವರ್ಷಕ್ಕೆ ಒಂದು ಸಲದ ಬದಲು ಆರು ಸಲ ಎದುರುಬದುರು ಕೂತು ಮಾತಾಡಿದ್ದನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕು.

ಉಳಿದ ಖರ್ಚು ಇಷ್ಟು. ಹೋಗುವಾಗ ದಾರಿಯಲ್ಲಿ ತಿಂಡಿ 410, ದುರ್ಗದಲ್ಲಿ ಭಾನುವಾರದ ಊಟ 720, ಕೋಟೆ ಇಳಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ 150, ದೇವಸ್ಥಾನಗಳ ತಟ್ಟೆಗೆ 200, ಗಾಡಿ ನಿಲ್ಲಿಸಿದ್ದಕ್ಕೆ ಅಲ್ಲಿ ಇಲ್ಲಿ ಸೇರಿ 100. ಕೋಟೆಯ ಟಿಕೆಟ್ಟು ಮೂವರಿಗೆ ತಲಾ 25ರಂತೆ 75. ಫೋನಿನಲ್ಲಿ ಕಟ್ಟಿದ್ದರೆ ತಲೆಗೆ 5 ರೂಪಾಯಿ ಉಳಿಯುತ್ತಿತ್ತು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಕೋಟೆ ತೋರಿಸಿದ ಗೈಡಿಗೆ 500. ಇವೆಲ್ಲ ಪೆಟ್ರೋಲು, ಟೋಲಿನ ಜೊತೆಗೆ 5,815 ರೂಪಾಯಿ. ನೆಂಟರ ಮನೆಗೆ ಒಯ್ದ ಸಿಹಿ 3 ಕಿಲೋ, ಹಣ್ಣು 6 ಕಿಲೋ, ಅವಕ್ಕೆ 2,100. ಆ ಮೂರು ಮನೆಗಳ ಐದು ಮಕ್ಕಳ ಕೈಗೆ ತಲಾ 200ರಂತೆ 1,000. ಒಟ್ಟು 8,915. ಇದರಲ್ಲಿ ನೂರಕ್ಕೆ 40ರಷ್ಟು ಪೆಟ್ರೋಲಿಗೇ ಹೋಯಿತು. ಸ್ಥಳ ನೋಡಲೆಂದು ಕೊಟ್ಟದ್ದು, ಟಿಕೆಟ್ಟು ಗೈಡು ಪಾರ್ಕಿಂಗು ಎಲ್ಲ ಸೇರಿ, 675. ನೂರಕ್ಕೆ 8 ಕೂಡ ಆಗುವುದಿಲ್ಲ.

ಅಪ್ಪನಾಗಿದ್ದರೆ ಇಲ್ಲಿಗೆ ಗೆರೆ ಎಳೆಯುತ್ತಿದ್ದರು. ನಾನು ಮುಂದಕ್ಕೂ ಬರೆದೆ. ಎರಡು ರಾತ್ರಿ ನಾವು ಮಲಗಿದ್ದು ದೊಡ್ಡಮ್ಮನ ಮನೆಯಲ್ಲಿ, ಅಕ್ಕನ ಮನೆಯಲ್ಲಿ. ಸಾಧಾರಣ ಲಾಡ್ಜಿನ ರೂಮು 1,500 ಅಂತಿಟ್ಟುಕೊಂಡರೂ ಎರಡು ರೂಮು ಎರಡು ರಾತ್ರಿಗೆ 6,000. ಮೂರೂ ಮನೆಗಳಲ್ಲಿ ಆರು ಹೊತ್ತು ಉಂಡೆವು, ಐದು ಜನಕ್ಕೆ 30 ಊಟ. ಹೋಟೆಲಿನ ಲೆಕ್ಕದಲ್ಲಿ ಒಂದಕ್ಕೆ 100 ಅಂದರೂ 3,000. ಅಲ್ಲಿಗೆ 9,000 ಆಯಿತು. ನಾವು ಜೇಬಿನಿಂದ ತೆಗೆದದ್ದಕ್ಕಿಂತ ಹೆಚ್ಚು. ನಮ್ಮ ಪ್ರವಾಸದ ಅರ್ಧ ಹೊರೆಯನ್ನು ನೆಂಟರು ಹೊತ್ತಿದ್ದಾರೆ. ಇಷ್ಟು ವರ್ಷ ಊರಿಗೆ ಹೋಗಿಬಂದರೂ ಈ ಅಂಕಿ ನಮ್ಮ ಮನೆಯ ಯಾವ ಡೈರಿಯಲ್ಲೂ ಇರಲಿಲ್ಲ.

ರೂಪಾಯಿಗೆ ತಂದರೂ ಅದು ಪೂರ್ತಿಯಾಗುವುದಿಲ್ಲ. ಶುಕ್ರವಾರ ಬೆಳಗ್ಗೆ ಒಂಬತ್ತೂಕಾಲಿಗೆ ನಾವು ದೊಡ್ಡಮ್ಮನ ಮನೆ ಮುಟ್ಟಿದೆವು. ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಕಂಡದ್ದು ಒಂದು ನೀಲಿ ಡ್ರಮ್ಮು, ಗೋಡೆಗೆ ಸಾಲಾಗಿ ಹನ್ನೆರಡು ಕೊಡ. ಡ್ರಮ್ಮಿಗೆ 200 ಲೀಟರು, ಕೊಡಕ್ಕೆ 15ರಂತೆ 180, ಒಟ್ಟು 380 ಲೀಟರು. ನಲ್ಲಿ ಬರುವುದು ಮೂರು ದಿನಕ್ಕೊಮ್ಮೆ. ದೊಡ್ಡಪ್ಪ ದೊಡ್ಡಮ್ಮ ಇಬ್ಬರಿಗೆ ಅಷ್ಟು ಸಾಕು, ಮೊಮ್ಮಕ್ಕಳು ಪಕ್ಕದ ಮನೆಯಲ್ಲೇ ಇರುವುದರಿಂದ. ಆದರೆ ಅಂದು ಐದು ಜನ ಹೆಚ್ಚು. ಜಲಜೀವನ್ ಮಿಷನ್ ಹಳ್ಳಿಯವರಿಗೆ ಇಟ್ಟಿರುವ ಅಳತೆ ತಲೆಗೆ ದಿನಕ್ಕೆ 55 ಲೀಟರು. ಏಳು ಜನಕ್ಕೆ 385. ಅಂದರೆ ಅವರ ಮೂರು ದಿನದ ನೀರು ನಮ್ಮನ್ನೂ ಸೇರಿಸಿದರೆ ಒಂದು ದಿನಕ್ಕೂ ಸಾಲದು. ನಾವು ಶನಿವಾರ ಬೆಳಗ್ಗೆ ಹೊರಡುವ ಹೊತ್ತಿಗೆ ಖರ್ಚಾಗಿದ್ದು 17 ಕೊಡ. ಐದು ಜನದ ಸ್ನಾನಕ್ಕೇ 10. ನಾನು ಎಣಿಸುತ್ತಿರುವುದು ದೊಡ್ಡಮ್ಮನಿಗೆ ಗೊತ್ತಾಯಿತು.

"ಅದೇನವ್ವ, ನೀರಿಗೂ ಲೆಕ್ಕ ಬರಕಂತೀಯಾ? ನೆಂಟ್ರು ಉಂಡಿದ್ದು ಮಿಂದಿದ್ದು ಬರದಿಟ್ರೆ ಮನೆಗೆ ಏಳಿಗೆ ಇಲ್ಲ ಕಣೆ" ಅಂದರು. ಬರೆಯಬಾರದೆಂದು ಅವರು ಹೇಳಿದ್ದು ಅವರ ದೊಡ್ಡತನ. ಉಂಡವರು, ಮಿಂದವರು ಮಾತ್ರ ಬರೆದಿಟ್ಟುಕೊಳ್ಳಬೇಕು. ಮಾರನೇ ದಿನ ಅವರು ಪಕ್ಕದ ಬೋರ್‌ವೆಲ್ಲಿನಿಂದ ಕೊಡ ಹೊತ್ತು ತುಂಬಿಸಿಕೊಂಡಿರುತ್ತಾರೆ, ಅವರ ವಯಸ್ಸು 74.

ದೊಡ್ಡಮ್ಮ ಮಾಡಿದ ಹೋಳಿಗೆಯದ್ದೂ ಬರೆದುಕೊಂಡಿದ್ದೇನೆ. ಒಂದು ಕಿಲೋ ಬೇಳೆ, ಒಂದು ಕಿಲೋ ಬೆಲ್ಲ, 36 ಹೋಳಿಗೆ. ಕಟ್ಟಿನ ಸಾರು ಬೇರೆ. ಬೇಳೆ ಒಲೆಗಿಟ್ಟಲ್ಲಿಂದ ಕೊನೇ ಹೋಳಿಗೆ ಹಂಚಿನಿಂದ ಇಳಿಯುವವರೆಗೆ 2 ಗಂಟೆ 40 ನಿಮಿಷ. ನಾನು ಜೊತೆಗೆ ನಿಂತದ್ದು ಅರ್ಧ ಹೊತ್ತು, ಅವರು ಪೂರ್ತಿ.

ಆ ಹನ್ನೆರಡು ಕೊಡ ಕಣ್ಣಲ್ಲಿ ಇಟ್ಟುಕೊಂಡೇ ಶನಿವಾರ ಮಾರಿಕಣಿವೆಗೆ ಹೋದೆವು. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ವಾಣಿವಿಲಾಸ ಸಾಗರ. 1898ರಲ್ಲಿ ಕೆಲಸ ಶುರು, 1907ಕ್ಕೆ ಪೂರ್ತಿ. ರಾಜಮಾತೆ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದ ಹೆಸರು ಇದಕ್ಕೆ. ತುಂಬಿದ ಮಟ್ಟ 130 ಅಡಿ, ಹಿಡಿಯುವ ನೀರು 30 ಟಿಎಂಸಿ. ಒಂದು ಟಿಎಂಸಿ ಅಂದರೆ ಹತ್ತಿರ ಹತ್ತಿರ 2,832 ಕೋಟಿ ಲೀಟರು. 30ಕ್ಕೆ ಸುಮಾರು 85,000 ಕೋಟಿ ಲೀಟರು. ಮಗ ಫೋನಿನಲ್ಲಿ ಅದನ್ನು ಕೊಡಕ್ಕೆ ಭಾಗಿಸಲು ಹೋಗಿ ಸೊನ್ನೆ ಎಣಿಸುವುದರಲ್ಲೇ ನಿಂತ.

ಇಷ್ಟು ದೊಡ್ಡ ಪಾತ್ರೆ, ಆದರೆ ತುಂಬಿದ್ದು ಎಷ್ಟು ಸಲ? 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಮೂರನೆಯದು 2025ರ ಜನವರಿಯಲ್ಲಿ. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ವೇದಾವತಿ ಮಳೆಯನ್ನೇ ನಂಬಿದ ಹೊಳೆ. 89 ವರ್ಷ ಅಂದರೆ ಅಮ್ಮನ ವಯಸ್ಸಿಗಿಂತ 21 ಹೆಚ್ಚು. ಅಮ್ಮ, ದೊಡ್ಡಮ್ಮ, ಮಾವ ಮೂವರೂ ಹುಟ್ಟಿ ಬೆಳೆದು ಮದುವೆಯಾಗಿ ಮುಪ್ಪಾಗುವವರೆಗೆ ಕಣಿವೆಯ ಕೋಡಿ ಹರಿದದ್ದನ್ನು ಕಂಡವರಲ್ಲ. 2022ರಲ್ಲಿ ದೊಡ್ಡಮ್ಮ ಬಾಗಿನಕ್ಕೆಂದು ಅರಿಸಿನ ಕುಂಕುಮ ತೆಗೆದುಕೊಂಡು ಟ್ರ್ಯಾಕ್ಟರಿನಲ್ಲಿ ಹೋಗಿ ನೋಡಿಬಂದರಂತೆ. ಆ ದಿನದ ಮಾತು ಬಂದರೆ ಈಗಲೂ ಅವರ ದನಿ ಬೇರೆಯಾಗುತ್ತದೆ. ಈಗ ಈ ಕಣಿವೆಗೆ ಮಳೆಯ ಜೊತೆಗೆ ಭದ್ರೆಯ ನೀರೂ ಅಜ್ಜಂಪುರದ ಕಡೆಯಿಂದ ಸೇರುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರ ಸರ್ಕಾರ 2023-24ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಕೊಡುವುದಾಗಿ ಘೋಷಿಸಿತ್ತು. ಯೋಜನೆ ಮುಟ್ಟಬೇಕಾದ ಭೂಮಿ ಎರಡೂಕಾಲು ಲಕ್ಷ ಹೆಕ್ಟೇರು. ಆ ದುಡ್ಡಿನ ದಾರಿ ಕಾಯುತ್ತಿರುವವರಲ್ಲಿ ನಮ್ಮ ಮಾವನೂ ಒಬ್ಬರು.

ಮಾವನ ತೋಟದಲ್ಲಿ 120 ತೆಂಗಿನ ಮರ ಇದ್ದವು. ಸಾಲಾಗಿ ಬಂದ ಬರದಲ್ಲಿ 43 ಸುಳಿ ಒಣಗಿ ಹೋದವು. ಅವುಗಳ ಜಾಗದಲ್ಲಿ 30 ಸಸಿ ಇಟ್ಟಿದ್ದಾರೆ, ಫಲಕ್ಕೆ ಇನ್ನೂ ಹೊತ್ತಿದೆ. ಈಗ ಕಾಯಿ ಕೊಡುತ್ತಿರುವುದು 77 ಮರ. ನಾವು ಹೋದಾಗಲೆಲ್ಲ ಮಾವ ಚೀಲಕ್ಕೆ ತುಂಬಿಸುವುದು ಮೂವತ್ತೇ ಕಾಯಿ, ನನಗೆ ಬುದ್ಧಿ ಬಂದಾಗಿನಿಂದ ಅದೇ ಲೆಕ್ಕ. 2023ರಲ್ಲಿ ತೋಟದಲ್ಲಿ ಒಂದು ಕಾಯಿಗೆ ಅವರಿಗೆ ಸಿಕ್ಕಿದ್ದು 12 ರೂಪಾಯಿ. ಈ ಸಲ 30. ಆಗ 360 ರೂಪಾಯಿಯ ಉಡುಗೊರೆ, ಈಗ 900ರದ್ದು. "ಮಾವ, ಈ ರೇಟಲ್ಲಿ ಹತ್ತು ಸಾಕು" ಅಂದೆ. ಅವರು ಕಾಯಿಯ ಜುಟ್ಟು ಕೀಳುತ್ತಲೇ, "ರೇಟು ಮಂಡಿಯೋರಿಗೆ ಕಣಮ್ಮ, ನಿಂಗಲ್ಲ" ಅಂದರು. ಮರ ಕಡಿಮೆಯಾದಾಗಲೂ ಮೂವತ್ತು, ಬೆಲೆ ಏರಿದಾಗಲೂ ಮೂವತ್ತು.

ಹೊಸದುರ್ಗದ ಕಡೆ ನೋಡುವುದಕ್ಕೆ ಬಹಳ ಇತ್ತು, ಹೊತ್ತು ಸಾಲಲಿಲ್ಲ. ಸಾಣೇಹಳ್ಳಿಗೆ ಹೋಗಬೇಕೆಂದು ಮಗ ಹಟ ಹಿಡಿದಿದ್ದ, ಅವನ ಶಾಲೆಗೆ ಅಲ್ಲಿಯ ಶಿವಸಂಚಾರದ ನಾಟಕ ಬಂದಿತ್ತು. 1997ರಲ್ಲಿ ಶುರುವಾದ ಆ ತಿರುಗಾಟದ ತಂಡ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ಊರೂರು ಸುತ್ತುತ್ತದೆ. ಹಾಲುರಾಮೇಶ್ವರ ಕ್ಷೇತ್ರವನ್ನೂ ಬಿಟ್ಟೆವು. ಮಾವನ ಮನೆಯಲ್ಲಿ ಐದು ಗಂಟೆ ಹೊತ್ತು ಕೂತದ್ದಕ್ಕೆ ಈ ಎರಡನ್ನು ಕೊಡಬೇಕಾಯಿತು. ಅದು ಸರಿಯಾದ ಬೆಲೆಯೇ ಎಂದು ನನ್ನ ತೀರ್ಮಾನ. ಮುಂದಿನ ಸಲ ಸಾಣೇಹಳ್ಳಿಗೆ ಒಂದು ಸಂಜೆಯನ್ನೇ ತೆಗೆದಿಡುತ್ತೇವೆ ಎಂದು ಮಗನಿಗೆ ಮಾತು ಕೊಟ್ಟಿದ್ದೇನೆ.

ಹೊಳಲ್ಕೆರೆಯಲ್ಲಿ ಅಕ್ಕ ಭಾವನ ಜೊತೆ ರಾತ್ರಿ. ಬೆಳಗ್ಗೆ ಆರೂವರೆಗೆ ಬಯಲು ಗಣಪನ ಮುಂದೆ ನಿಂತಿದ್ದೆವು. ಮೇಲೆ ಗೋಪುರವಿಲ್ಲ, ಚಾವಣಿಯಿಲ್ಲ, ಬಿಸಿಲು ಮಳೆ ಎಲ್ಲ ನೇರ ಅವನ ತಲೆಯ ಮೇಲೆ. ಅರ್ಧ ಗಂಟೆ, ಖರ್ಚು ಇಲ್ಲ.

ದುರ್ಗಕ್ಕೆ ಭಾನುವಾರ ಎಂಟೂವರೆಗೆ. ಏಳು ಸುತ್ತಿನ ಕೋಟೆಗೆ ನಾಲ್ಕೂವರೆ ಗಂಟೆ ಕೊಟ್ಟೆವು, ಅದೂ ಕಡಿಮೆಯೇ. ಹೆಬ್ಬಾಗಿಲು 19, ಒಳಗೆ ದೇವಸ್ಥಾನ 18 ಎಂದು ಗೈಡು ಹೇಳಿದರು. ನಾಯಕರ ಆಳ್ವಿಕೆ 1568ರಲ್ಲಿ ತಿಮ್ಮಣ್ಣ ನಾಯಕನಿಂದ ಶುರು, 1779ರಲ್ಲಿ ಹೈದರಾಲಿಗೆ ಮದಕರಿ ನಾಯಕ ಸೆರೆಯಾಗುವುದರೊಂದಿಗೆ ಮುಗಿಯಿತು, 211 ವರ್ಷ. ಅಮ್ಮ ಮದ್ದು ಬೀಸುವ ಕಲ್ಲುಗಳ ಹತ್ತಿರ ಕೂತುಬಿಟ್ಟರು. ನೆಲದ ತಗ್ಗಿನಲ್ಲಿ ಸಾಲಾಗಿ ನಾಲ್ಕು ಭಾರಿ ಬೀಸುವ ಕಲ್ಲು. ಹಲ್ಲುಹಲ್ಲಿನ ಅಂಚು ನೋಡುತ್ತ, ತಾನು ಮದುವೆಗೆ ಮುಂಚೆ ತವರಿನಲ್ಲಿ ದಿನಕ್ಕೆ ಎರಡು ಸೇರು ರಾಗಿ ಬೀಸುತ್ತಿದ್ದುದನ್ನು ಮಗಳಿಗೆ ಹೇಳಿದರು. ಇದನ್ನು ಆನೆ ತಿರುಗಿಸುತ್ತಿತ್ತೋ ಎತ್ತೋ ಎಂಬುದು ಅಜ್ಜಿ ಮೊಮ್ಮಗಳ ನಡುವೆ ಬಹಳ ಹೊತ್ತು ನಡೆಯಿತು.

ನಾವು ಮೇಲೆ ಹೋದೆವು. ಕೋಟೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಗಳಲ್ಲ, ಹೊಂಡಗಳು. ಬಂಡೆಯ ಮೇಲೆ ಬಿದ್ದ ಮಳೆ ಮೊದಲು ಗೋಪಾಲಸ್ವಾಮಿ ಹೊಂಡ ತುಂಬುತ್ತದೆ. ಅದು ತುಂಬಿ ಮಿಕ್ಕದ್ದು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಒಂದು ಹನಿಯನ್ನೂ ಸುಮ್ಮನೆ ಇಳಿಯಲು ಬಿಡದ ಏರ್ಪಾಡು. ಮುತ್ತಿಗೆ ಹಾಕಿದವರು ತಿಂಗಳುಗಟ್ಟಲೆ ಕೆಳಗೆ ಕಾದರೂ ಮೇಲಿನವರು ಬದುಕಿದ್ದು ಇದರಿಂದ. ಒನಕೆ ಓಬವ್ವನ ಕಿಂಡಿಯ ಹತ್ತಿರ ಗೈಡು ಆ ಕಥೆಯನ್ನು ಹೇಳಿದರು. ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆಂದು ಬಂದಿದ್ದಳು. ಈ ಕಥೆ ಎಷ್ಟು ಸಲ ಕೇಳಿದ್ದೇನೋ, ಒನಕೆಯೇ ನೆನಪಿನಲ್ಲಿ ಉಳಿದಿತ್ತು. ಈ ಸಲ ಕೊಡ ಕಂಡಿತು. ಮಧ್ಯಾಹ್ನ ಚಂದ್ರವಳ್ಳಿಗೆ ಹೋದಾಗಲೂ ಅದೇ. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಜಾಗ, ಅದಕ್ಕೂ ಮುಂಚೆ ಎಂ.ಎಚ್. ಕೃಷ್ಣ ಅಗೆಸಿದ್ದರು, ಶಾತವಾಹನರ ನಾಣ್ಯದ ಜೊತೆಗೆ ರೋಮಿನ ನಾಣ್ಯವೂ ಸಿಕ್ಕಿದ ನೆಲ. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೊರೆಸಿದ ಪುಟ್ಟ ಶಾಸನ ಹೇಳುವುದು ಒಂದು ಕೆರೆಯ ವಿಷಯ. 4ನೇ ಶತಮಾನದ ಅರಸನೂ ಈ ಸೀಮೆಯಲ್ಲಿ ಕಲ್ಲಿನ ಮೇಲೆ ಬರೆಸಿಟ್ಟದ್ದು ನೀರಿನ ಲೆಕ್ಕವನ್ನೇ.

ಹೊತ್ತಿನದ್ದೂ ಬರೆದಿದ್ದೇನೆ. ಶುಕ್ರವಾರ ಬೆಳಗ್ಗೆ ಐದೂವರೆಯಿಂದ ಭಾನುವಾರ ರಾತ್ರಿ ಒಂಬತ್ತೂವರೆವರೆಗೆ 64 ಗಂಟೆ. ನಿದ್ದೆ 14, ಗಾಡಿ 13, ಸ್ಥಳಗಳು 9, ಹೋಟೆಲಿನ ಊಟ 1. ಉಳಿದ 27 ಗಂಟೆ ನೆಂಟರ ಜೊತೆ. ನಡುಮನೆಯ ಮಾತು, ಹಿತ್ತಿಲ ಮಾತು, ತೋಟದ ಮಾತು. ಮೂರು ಮನೆಗೆ ಹಂಚಿದರೆ ತಲಾ 9.

ಭಾನುವಾರ ರಾತ್ರಿ ಮನೆಗೆ ಬಂದು ಚೀಲಗಳನ್ನು ತೂಕದ ಮೇಲಿಟ್ಟೆ. ಹೋಗುವಾಗ ಒಯ್ದದ್ದು 9 ಕಿಲೋ, ತಂದದ್ದು 41. ತೆಂಗಿನಕಾಯಿ 15, ದೊಡ್ಡಮ್ಮ ಕೊಟ್ಟ ರಾಗಿ 10, ಈರುಳ್ಳಿ 4, ಶೇಂಗಾ 3, ಬೆಲ್ಲ 2, ಹುರುಳಿಕಾಳು 2, ಅಕ್ಕನ ಉಪ್ಪಿನಕಾಯಿ 1, ಮಡಿಲಕ್ಕಿ 4. ರಾಗಿಯ ಬೆಂಬಲ ಬೆಲೆ 2025-26ರಲ್ಲಿ ಕ್ವಿಂಟಾಲಿಗೆ 4,886 ಇತ್ತು, ಶೇಂಗಾದ್ದು 7,263. ಆ ಲೆಕ್ಕಕ್ಕೆ ರಾಗಿ 489, ಶೇಂಗಾ 218 ರೂಪಾಯಿ. ಉಳಿದವಕ್ಕೆ ನಮ್ಮ ಬೀದಿಯ ಅಂಗಡಿಯ ದರ ಹಾಕಿದರೆ, ಉಪ್ಪಿನಕಾಯಿ ಬಿಟ್ಟು, ಒಟ್ಟು 2,200ರ ಆಸುಪಾಸು. ನಾವು ಒಯ್ದದ್ದು 2,100. ನಮ್ಮ ಇಬ್ಬರು ಮಕ್ಕಳ ಕೈಗೆ ಮೂರು ಮನೆಯವರು ಇಟ್ಟದ್ದು 1,200, ನಾವು ಆ ಮಕ್ಕಳ ಕೈಗಿಟ್ಟದ್ದು 1,000. ಕೊಡುಕೊಳ್ಳುವುದರಲ್ಲಿ ಒಬ್ಬರನ್ನೊಬ್ಬರು ಇಷ್ಟು ಹತ್ತಿರ ಸರಿತೂಗಿಸಿದ್ದೇವೆ, ಯಾರೂ ಯಾರನ್ನೂ ಕೇಳದೆ.

ಮಡಿಲಕ್ಕಿಯ ತೂಕ ಮಾತ್ರ ಯಜಮಾನರಿಗೆ ಹೊಂದಲಿಲ್ಲ. "ಮೂರು ಮನೆ ಅಲ್ವಾ, ಮನೆಗೆ ಒಂದು ಕಿಲೋ ಅಂದ್ರೆ ಮೂರಾಗ್ಬೇಕು" ಅಂದರು. ನಾನು ನಾಲ್ಕು ಗಂಟುಗಳನ್ನೂ ತೋರಿಸಿದೆ.

ನಾಲ್ಕನೆಯದು ಮಾವನ ಮನೆಯದು. ಹೊರಡುವಾಗ ಅತ್ತೆ ದೇವರ ಮುಂದೆ ಮಣೆ ಹಾಕಿ, ಮೊರದಲ್ಲಿ ಅಕ್ಕಿ, ಕಾಯಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಇಟ್ಟು ನನ್ನ ಮಡಿಲು ತುಂಬಿದರು. ನಾನು ಮೂರು ಹಿಡಿ ಮೊರಕ್ಕೆ ಮರಳಿಸಿ ಎದ್ದೆ. ಅಮ್ಮ ಎಂದಿನಂತೆ ಬಾಗಿಲ ಹತ್ತಿರ ನಿಂತಿದ್ದರು. ಅಪ್ಪ ಹೋದ ಮೇಲೆ ಈ ನಾಲ್ಕು ವರ್ಷ ಆ ಹೊತ್ತಿಗೆ ಅವರು ನಿಲ್ಲುವ ಜಾಗ ಅದೇ. ಅತ್ತೆ ಮೊರಕ್ಕೆ ಮತ್ತೆ ಅಕ್ಕಿ ಹಾಕಿಕೊಂಡು, "ಅತ್ತಿಗೆ, ಬರ್ರಿ ಇಲ್ಲಿ, ಕೂತ್ಕಳ್ರಿ" ಅಂದರು. ಅಮ್ಮ ಬೇಡವೆಂದು ಕೈ ಅಡ್ಡ ಮಾಡಿದರು. "ಇದು ನಿಮ್ಮ ತವರು. ನೀವು ಈ ಮನೇಲಿ ಹುಟ್ಟಿದ ಮೇಲಲ್ವಾ ನಾನು ಬಂದಿದ್ದು" ಅಂತ ಅತ್ತೆ ಅವರ ರಟ್ಟೆ ಹಿಡಿದು ಕೂರಿಸಿದರು. ಕುಂಕುಮದ ಭರಣಿಯನ್ನು ಪಕ್ಕಕ್ಕೆ ಸರಿಸಿ, ಅಕ್ಕಿಯನ್ನು ಅಮ್ಮನ ಸೆರಗಿಗೆ ಸುರಿದರು. ಮಾವ ಅಂಗಳದಲ್ಲಿ ಕಾಯಿ ಚೀಲ ಹೊಲಿಯುತ್ತಿದ್ದವರು ಹೊಲಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಆ ಗಂಟನ್ನು ಅಮ್ಮ ನಮ್ಮ ಮನೆಯ ಅಕ್ಕಿ ಡಬ್ಬಿಗೆ ಸೇರಿಸಲು ಬಿಡಲಿಲ್ಲ. ತೂಕ ಮಾಡಿದ ಮೇಲೆ ಮತ್ತೆ ಕಟ್ಟಿ ತಮ್ಮ ಕೋಣೆಗೆ ತೆಗೆದುಕೊಂಡು ಹೋದರು. ಡೈರಿಯಲ್ಲಿ ಅದನ್ನು ಬೇರೆ ಸಾಲಿನಲ್ಲಿ ಬರೆದೆ: ಅಮ್ಮನಿಗೆ ತವರಿನ ಅಕ್ಕಿ, 1 ಕಿಲೋ.